ಆವಲಪ್ಪನ ವಾಚಿನ ರಿಂಗು

ಶಿಡ್ಲಘಟ್ಟದಲ್ಲಿ ವಾಚುಗಳು ನೀರಿಗೆ ಬೀಳದೆಯೇ ಮುಳುಗುತ್ತಿದ್ದವು. ಓಣಿ ಓಣಿಯಲ್ಲೂ ರೇಷ್ಮೆಗೂಡು ಬೇಯುವ ಊರು. ಬಿಸಿನೀರಿನ ತೊಟ್ಟಿಯ ಮುಂದೆ ಕೂತು ನೂಲು ತೆಗೆಯುವವರ ಕೈಗೆ ದಿನವೆಲ್ಲ ಹಬೆ ಬಡಿಯುತ್ತಿದ್ದರೆ ವಾಚು ತಾನೆ ಏನು ಮಾಡೀತು. ಗಾಜಿನ ಒಳಗೆ ಬೆವರು ಕಟ್ಟುತ್ತಿತ್ತು, ಮುಳ್ಳಿಗೆ ತುಕ್ಕು ಹಿಡಿಯುತ್ತಿತ್ತು, ಒಂದು ದಿನ ನಿಂತೇಹೋಗುತ್ತಿತ್ತು. ಹಾಗೆ ನಿಂತವೆಲ್ಲ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಮೆಟ್ಟಿಲ ಕೆಳಗಿದ್ದ ವೆಂಕಟರವಣಪ್ಪನ ಅಂಗಡಿಗೆ ಬರುತ್ತಿದ್ದವು. ಅಂಗಡಿ ಎಂದರೆ ಕಾಲು ಮಡಚಿ ಕೂತರೆ ತುಂಬಿಹೋಗುವಷ್ಟು ಜಾಗ. ಅವನು ವಾಚು ಬಿಚ್ಚಿ, ಬಲ್ಬಿನ ಶಾಖಕ್ಕೆ ಹಿಡಿದು ಒಣಗಿಸಿ, ಮುಚ್ಚಿ ಕೊಡುತ್ತಿದ್ದ. ನಾಲ್ಕು ದಿನಕ್ಕೆ ಅದೇ ವಾಚು, ಅದೇ ಬೆವರು, ಮತ್ತೆ ಅವನ ಮುಂದೆ.

ಅವನು ಪ್ರಾಯದಲ್ಲಿದ್ದಾಗ ಒಮ್ಮೆ ಲಾರಿ ಡ್ರೈವರ್ ಒಬ್ಬ ದಪ್ಪನೆಯ ಒಂದು ವಾಚು ತಂದಿಟ್ಟ. ಅದರ ಬೆನ್ನಿನ ಮುಚ್ಚಳ ಉಪ್ಪಿನಕಾಯಿ ಭರಣಿಯ ಮುಚ್ಚಳದ ಹಾಗೆ ತಿರುಗಿಸಿ ಬಿಗಿಯುವಂಥದು. ಕೀಯನ್ನೂ ತಿರುಗಿಸಿಯೇ ಬಿಗಿಯಬೇಕು. ಗಾಜಿನ ಸುತ್ತ ಒಂದು ರಿಂಗು, ಅದು ಕಟಕಟನೆ ತಿರುಗುತ್ತಿತ್ತು. ವರ್ಷಗಟ್ಟಲೆ ಮಳೆಯಲ್ಲಿ ಬೆವರಿನಲ್ಲಿ ನೆನೆದು ಬಂದಿದ್ದರೂ ಒಳಗೆ ಒಂದು ಹನಿ ತೇವ ಇರಲಿಲ್ಲ. ಸಮುದ್ರಕ್ಕೆ ಧುಮುಕುವವರು ಕಟ್ಟಿಕೊಳ್ಳುವ ವಾಚು ಇದು, ಎಷ್ಟು ಹೊತ್ತು ಮುಳುಗಿದ್ದೇವೆ ಎಂದು ಗುರುತಿಟ್ಟುಕೊಳ್ಳಲು ಆ ರಿಂಗು ಎಂದು ಡ್ರೈವರ್ ಹೇಳಿದ. ವೆಂಕಟರವಣಪ್ಪ ಸಮುದ್ರ ನೋಡಿದವನಲ್ಲ. ಕೈವಾರದ ಕೊಳದಲ್ಲಿ ಸಹ ಮೊಣಕಾಲಿನ ಮೇಲೆ ನೀರಿಗೆ ಇಳಿದವನಲ್ಲ. ಆದರೂ ಅವತ್ತು ಹಿಡಿದ ಹುಚ್ಚು ತಲೆ ನರೆತರೂ ಇಳಿಯಲಿಲ್ಲ. ಚಿಕ್ಕಬಳ್ಳಾಪುರದ ಸಂತೆ, ಬೆಂಗಳೂರಿನ ಭಾನುವಾರದ ಗುಜರಿ ಬಜಾರು, ಮಿಲಿಟರಿಯಿಂದ ಬಂದವರ ಮನೆ, ಅರಬ್ ದೇಶದಿಂದ ವಾಪಸಾದವರ ಮನೆ, ಹೀಗೆ ಎಲ್ಲಿ ಅಂಥ ಮುದಿ ವಾಚು ಇದೆ ಎಂದು ಕಿವಿಗೆ ಬಿದ್ದರೂ ಹೊರಟುಬಿಡುತ್ತಿದ್ದ. ಊಟಕ್ಕೆ ಕೂತವನು ಕೈ ತೊಳೆದುಕೊಂಡು ಎದ್ದದ್ದೂ ಉಂಟು.

ಅವನ ಹೆಂಡತಿ ಮುನಿಲಕ್ಷ್ಮಿ ನೀರಿನ ಟ್ಯಾಂಕರ್ ಬಂದ ದಿನವೆಲ್ಲ ಒಂದೇ ಮಾತು ಎತ್ತುತ್ತಿದ್ದಳು. "ಊರಲ್ಲಿ ಬಿಂದಿಗೆ ಮುಳುಗ್ಸಕ್ಕೆ ನೀರಿಲ್ಲ. ನಮ್ಮ ಮನೇಲಿ ನೋಡಿದ್ರೆ ಟ್ರಂಕ್ ತುಂಬ ಸಮುದ್ರಕ್ಕೆ ಬೀಳೋ ವಾಚು."

ಹುಚ್ಚಿಗೂ ಅವನದೇ ಒಂದು ನೇಮವಿತ್ತು. ಒಳಗಿನ ಯಂತ್ರ ಬಿಚ್ಚಿ ತೊಳೆಯಬಹುದು, ಎಣ್ಣೆ ಹಾಕಬಹುದು, ಸತ್ತ ವಾಷರ್ ತೆಗೆದು ಹೊಸದು ಕೂರಿಸಬಹುದು. ಆದರೆ ಮುಖ ಮುಟ್ಟಬಾರದು. ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳ ಮೇಲೆ ಬಳಿದ ರೇಡಿಯಂ ವಯಸ್ಸಾಗಿ ಹಳೆ ತುಪ್ಪದ ಬಣ್ಣಕ್ಕೆ ತಿರುಗಿರುತ್ತದೆ, ಅದನ್ನು ಕೆರೆಯಬಾರದು. ಮೈಮೇಲಿನ ಗೀರುಗಳನ್ನು ಉಜ್ಜಬಾರದು, ಅವು ಕಟ್ಟಿಕೊಂಡವನವು. ರಿಪೇರಿ ಮುಗಿದ ಮೇಲೆ ವಾಚನ್ನು ಬಿಸಿ ಮಾಡಿ ಗಾಜಿನ ಮೇಲೆ ಒಂದು ತೊಟ್ಟು ತಣ್ಣೀರು ಬಿಡುತ್ತಿದ್ದ. ತೊಟ್ಟಿನ ಕೆಳಗೆ ಮಂಜು ಕಟ್ಟದಿದ್ದರೆ ಮಾತ್ರ ಅವನ ಮುಖ ಸಡಿಲವಾಗುತ್ತಿತ್ತು. ಅದೂ ಒಂದು ಗಳಿಗೆ. ಆಮೇಲೆ ಮುಂದಿನದರ ಚಿಂತೆ.

ಟ್ರಂಕಿನಲ್ಲಿದ್ದ ಎಲ್ಲಕ್ಕಿಂತ ಅವನಿಗೆ ಪ್ರೀತಿಯದು ಕರಿಮುಖದ ಒಂದು ಸ್ವಿಸ್ ವಾಚು. ಗೌರಿಬಿದನೂರಿನ ಮಿಲ್ಲಿನಲ್ಲಿ ಫೋರ್‌ಮನ್ ಆಗಿದ್ದವರ ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದು. ಒಂದು ದಿನವೂ ಕಷ್ಟ ಕಾಣದ ವಾಚು, ರಿಂಗಿನ ಮೇಲಿನ ಒಂದು ಅಂಕಿಯೂ ಮಾಸಿರಲಿಲ್ಲ. ಅದನ್ನು ಹಬ್ಬ ಹುಣ್ಣಿಮೆಗೆ ಮಾತ್ರ ಕಟ್ಟುತ್ತಿದ್ದ.

ಹೀಗಿರುವಾಗ, ಈ ಸಲದ ಗಣೇಶನ ಹಬ್ಬ ಮುಗಿದ ವಾರದಲ್ಲಿ ಜಂಗಮಕೋಟೆಯ ಮಂಗಮ್ಮ, ಬೋರ್‌ವೆಲ್ ಮೋಟರು ಎತ್ತುವ ಕೆಲಸದ ಮಗ ಬೀರೇಶನ ಬೈಕಿನ ಹಿಂದೆ ಕೂತು ಅಂಗಡಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ ನಿಂತುಹೋದ ವಾಚೊಂದನ್ನು ಕಟ್ಟೆಯ ಮೇಲೆ ಇಟ್ಟಳು. ವೆಂಕಟರವಣಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನು ಎತ್ತಿಕೊಂಡ. ಗೌರಿಬಿದನೂರಿನ ವಾಚಿನ ಒಡಹುಟ್ಟು ಅದು. ಅದೇ ಕಂಪನಿ, ಅದೇ ಕರಿಮುಖ. ಆದರೆ ಇದು ಕಷ್ಟಪಟ್ಟ ಜೀವ. ಮೈತುಂಬ ಗೀರು, ಗಾಜು ಮೋಡ ಕವಿದ ಹಾಗೆ ಮಬ್ಬು, ರಿಂಗಿನ ಅಂಕಿಗಳು ಅರ್ಧಕ್ಕರ್ಧ ಸವೆದುಹೋಗಿದ್ದವು. ಸಂದಿಗೊಂದಿಯಲ್ಲೆಲ್ಲ ಸವುಳು ನೀರಿನ ಬಿಳಿ ಕಿಟ್ಟ, ಬಚ್ಚಲ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅಂಥದು.

ವಾಚು ಅವಳ ಗಂಡ ಆವಲಪ್ಪನದು. ಬಾವಿಗಳಲ್ಲಿ ನೀರಿದ್ದ ಕಾಲಕ್ಕೆ ಸುತ್ತಲ ಊರಿಗೆಲ್ಲ ಆವಲಪ್ಪನೇ ಮುಳುಗುವವನು. ಪಂಪ್‌ಸೆಟ್ಟಿನ ಪೈಪಿನ ಬುಡದ ಫುಟ್‌ವಾಲ್ವ್ ಕಟ್ಟಿಕೊಂಡರೆ, ಬಿಂದಿಗೆ ಬಿದ್ದರೆ, ಮನುಷ್ಯರೇ ಬಿದ್ದರೂ ಅವನಿಗೆ ಕರೆ ಬರುತ್ತಿತ್ತು. ಕೈವಾರದ ಹತ್ತಿರದ ಹಳ್ಳಿಯೊಂದರಲ್ಲಿ ಬಾವಿಗೆ ಬಿದ್ದ ಹೆಂಗಸನ್ನು ಜೀವಸಹಿತ ಎತ್ತಿದ್ದಕ್ಕೆ, ಹಡಗಿನಲ್ಲಿ ಕೆಲಸದಲ್ಲಿದ್ದ ಅವಳ ಅಣ್ಣ ತನ್ನ ಕೈಯಲ್ಲಿದ್ದ ವಾಚನ್ನೇ ಬಿಚ್ಚಿ ಕಟ್ಟಿದ್ದನಂತೆ. ಅಂದಿನಿಂದ ಅದನ್ನು ಕಟ್ಟದೆ ಆವಲಪ್ಪ ನೀರಿಗೆ ಇಳಿದದ್ದಿಲ್ಲ. ಬಾವಿಗಳು ಬತ್ತಿದ ಮೇಲೂ ಬಿಚ್ಚಲಿಲ್ಲ. ಹೋದ ವರ್ಷ ತೀರಿಕೊಂಡ. ಈ ಮಹಾಲಯ ಅಮಾವಾಸ್ಯೆಗೆ ಅವನಿಗೆ ಮೊದಲ ಎಡೆ. ಅವನಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮುಂದೆ ಇಡಬೇಕು. ವಾಚು ಇಡದಿದ್ದರೆ ಹೇಗೆ, ನಿಂತ ವಾಚು ಇಟ್ಟರೂ ಹೇಗೆ ಎಂದು ಮಂಗಮ್ಮನ ಸಂಕಟ.

"ಓಡೋ ಹಂಗೆ ಮಾಡ್ಕೊಡಪ್ಪ ರವಣಪ್ಪ, ಅಷ್ಟೇ ಸಾಕು" ಎಂದು ಹೇಳಿ ಹೋದಳು.

ಅಷ್ಟೇ ಸಾಕು ಎಂದ ಮೇಲೆ ಅಷ್ಟಕ್ಕೇ ನಿಲ್ಲಬೇಕಿತ್ತು. ಯಂತ್ರ ತೊಳೆದು ಎಣ್ಣೆ ಬಿಟ್ಟಾಗ ಅದು ಮಲಗಿ ಎದ್ದ ಮಗುವಿನ ಹಾಗೆ ಓಡಲು ತೊಡಗಿತು. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ವೆಂಕಟರವಣಪ್ಪನ ತಲೆಯಲ್ಲಿ ಎಡೆ ಎಂಬ ಮಾತು ಕೂತುಬಿಟ್ಟಿತ್ತು. ಹಿರಿಯರ ಹಬ್ಬಕ್ಕೆ ಯಾರಾದರೂ ಹರಕು ಪಂಚೆ ಇಡುತ್ತಾರೆಯೇ. ಮಡಿಕೆ ಬಿಚ್ಚದ ಪಂಚೆ, ಹೊಸ ಟವೆಲ್ಲು, ಬೆಳಗಿದ ಚೊಂಬು. ಹಾಗಿರುವಾಗ ಕಿಟ್ಟ ಹಿಡಿದ ವಾಚನ್ನು ಎಲೆಯ ಮುಂದೆ ಇಡುವುದೆಂದರೆ ಏನು ಚಂದ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ನೇಮವನ್ನು ಬದಿಗಿಟ್ಟು ಅವನು ಆ ವಾಚಿನ ಮೈಯನ್ನು ಉಜ್ಜಿದ. ಗೀರೆಲ್ಲ ಹೋಗಿ ಲೋಹ ಬೆಳ್ಳಿಲೋಟದ ಹಾಗೆ ಹೊಳೆಯಿತು. ಮಬ್ಬು ಗಾಜು ತೆಗೆದು ಹೊಸ ಗಾಜು ಕೂರಿಸಿದ. ರಿಂಗು ಉಳಿಯಿತು. ಅದರ ಜೋಡಿ ರಿಂಗು ದುಡ್ಡು ಕೊಟ್ಟರೂ ಸಿಗುವಂಥದಲ್ಲ. ಒಂದು ದಿನವೆಲ್ಲ ಕೂತೂ ನಿಂತೂ ಯೋಚಿಸಿ, ಕೊನೆಗೆ ಟ್ರಂಕು ತೆರೆದು, ತನ್ನ ಗೌರಿಬಿದನೂರಿನ ವಾಚಿನ ರಿಂಗನ್ನೇ ಎಬ್ಬಿಸಿ ಆವಲಪ್ಪನ ವಾಚಿಗೆ ಹಾಕಿದ. ಆವಲಪ್ಪನ ಸವೆದ ರಿಂಗನ್ನು ತನ್ನದಕ್ಕೆ ಹಾಕಿಕೊಂಡ.

ಸತ್ತವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾರು ಮಾಡಿಯಾರು ಎಂದುಕೊಂಡ. ಹಬ್ಬಕ್ಕೆ ಮಾತ್ರ ಕಟ್ಟುತ್ತಿದ್ದ ತನ್ನ ವಾಚನ್ನು ಅವತ್ತಿನಿಂದ ದಿನವೂ ಕಟ್ಟಿಕೊಂಡ. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಆ ಹಳೆಯ ರಿಂಗು ಒಂದು ಸುತ್ತಿನಲ್ಲಿ ಒಂದು ಕಡೆ ಹಲ್ಲು ಸವೆದು ಕಟಕ್ಕೆನ್ನದೆ ಮೆತ್ತಗೆ ಜಾರುತ್ತಿತ್ತು. ಗಿರಾಕಿಗಳ ಜೊತೆ ಮಾತಾಡುವಾಗಲೂ ಅವನ ಹೆಬ್ಬೆರಳು ಸುಮ್ಮನೆ ತಿರುಗಿಸುತ್ತ ಆ ಜಾರುವ ಜಾಗಕ್ಕೇ ಹೋಗಿ ನಿಲ್ಲುತ್ತಿತ್ತು.

ಅಮಾವಾಸ್ಯೆ ಹತ್ತಿರ ಬಂದಾಗ ಮಂಗಮ್ಮ ವಾಚು ತೆಗೆದುಕೊಂಡು ಹೋಗಲು ಬಂದಳು. ವೆಂಕಟರವಣಪ್ಪ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಬೀರೇಶ ನೋಡಿ ಹೊಸದೇ ಬಂದ ಹಾಗಿದೆ ಎಂದು ಹೊಗಳಿದ. ಮಂಗಮ್ಮ ಹೊಳಪನ್ನು ನೋಡಲೇ ಇಲ್ಲ. ವಾಚನ್ನು ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ರಿಂಗನ್ನು ತಿರುಗಿಸಿದಳು. ಒಂದು ಸುತ್ತು ಪೂರ್ತಿ ಬಂತು. ಮತ್ತೊಂದು ಸುತ್ತು ತಿರುಗಿಸಿದಳು. ಅವಳ ತವರು ಚಿಂತಾಮಣಿಯ ಆಚೆ, ಗಡಿಯ ಕಡೆ. ಮನಸ್ಸಿಗೆ ಏಟು ಬಿದ್ದಾಗ ತೆಲುಗೇ ಬಾಯಿಗೆ ಬರುತ್ತಿತ್ತು.

"ಇದಿ ಕಾದಪ್ಪ" ಎಂದಳು. ಇದು ಅಲ್ಲ.

"ಅದೇ ಕಣಮ್ಮ. ಪಾಲೀಸ್ ಹಾಕವ್ರೆ, ಅದಕ್ಕೆ ನಿಂಗೆ ಹಂಗೆ ಕಾಣ್ತೈತೆ" ಎಂದ ಬೀರೇಶ.

"ನಾನು ಕಣ್ಣಲ್ಲಿ ನೋಡ್ತಿಲ್ಲ ಕಣೋ. ನಿಮ್ಮಪ್ಪಂದು ಒಂದ್ ಕಡೆ ಜಾರ್ತಿತ್ತು. ಇದು ಜಾರಲ್ಲ."

ಆಗ ವೆಂಕಟರವಣಪ್ಪನಿಗೆ ಬುದ್ಧಿ ಎಲ್ಲಿ ಹೋಗಿತ್ತೋ. ರಿಂಗು ಬದಲಾಯಿಸಿದ್ದನ್ನು ಹೇಳಲು ಹೋಗಿ, ಹಳೆಯದು ಇಲ್ಲೇ ಇದೆ ನೋಡಕ್ಕ ಎಂದು ತನ್ನ ಕೈಯನ್ನೇ ಮುಂದೆ ಚಾಚಿದ. ಮಂಗಮ್ಮ ಆ ಮಣಿಕಟ್ಟು ಹಿಡಿದು ರಿಂಗು ತಿರುಗಿಸಿದಳು. ಕಟಕಟ ಎನ್ನುತ್ತ ಬಂದದ್ದು ಒಂದು ಕಡೆ ಜಾರಿತು. ಅವಳ ಮುಖ ಮೊದಲು ಅರಳಿತು, ಆಮೇಲೆ ಕಲ್ಲಾಯಿತು.

"ಇದೇ. ಇದು ನಿನ್ ಕೈಗೆ ಹೆಂಗ್ ಬಂತು, ರವಣಪ್ಪ?"

ಪಕ್ಕದ ಟೀ ಅಂಗಡಿಯವರು ತಿರುಗಿ ನೋಡಿದರು. ಅವನು ಹೇಳಿದ. ಮೈ ನಿಮ್ಮದು, ರಿಂಗು ನನ್ನದು, ನನ್ನದರ ಮೇಲಿರುವ ರಿಂಗು ನಿಮ್ಮದು, ಒಳಗಿನ ಯಂತ್ರ ನಿಮ್ಮದು, ಗಾಜು ಹೊಸದು ಎಂದು ಹೇಳುತ್ತ ಹೋದಷ್ಟೂ ಮಾತು ಗೋಜಲಾಗುತ್ತ ಹೋಯಿತು. ಒಂದೇ ಥರದ ಎರಡು ವಾಚು ಕಟ್ಟೆಯ ಮೇಲಿವೆ, ಒಂದು ಅವನ ಕೈಯಿಂದ ಈಗ ತಾನೇ ಬಿಚ್ಚಿದ್ದು. ಕೇಳುವವರಿಗೆ ಹೇಗೆ ಕಂಡೀತು ಎಂದು ಅವನಿಗೇ ಅರಿವಾಯಿತು. ಆ ಕೈಯಲ್ಲಿದ್ದ ವಾಚನ್ನೇ ಕೊಟ್ಟುಬಿಡಿ ಎಂದ ಬೀರೇಶ. ಅದು ಆವಲಪ್ಪನದಲ್ಲವಲ್ಲ, ಹೇಗೆ ಕೊಡಲಿ ಎಂದ ಇವನು.

ಮಂಗಮ್ಮ ಗಲಾಟೆ ಮಾಡುವ ಹೆಂಗಸಲ್ಲ. "ಕದ್ದೆ ಅಂತ ನಾನು ಅನ್ನಲ್ಲಪ್ಪ. ನಮ್ಮೆಜಮಾನ್ರುದು ಯಾವುದೋ ಅದು ಕೊಡು. ಅಮಾವಾಸ್ಯೆಗೆ ಅದಿರಬೇಕು" ಎಂದಷ್ಟೇ ಹೇಳಿ ಬರಿಗೈಯಲ್ಲಿ ಬೈಕು ಹತ್ತಿದಳು. ಬೀರೇಶ ಕಿಕ್ ಹೊಡೆಯುತ್ತ ಇವನತ್ತ ನೋಡಿದ ನೋಟ ಮಾತ್ರ ಕಳ್ಳನನ್ನು ನೋಡುವ ನೋಟವೇ.

ಅಲ್ಲಿಂದ ವೆಂಕಟರವಣಪ್ಪನಿಗೆ ನಿಂತಲ್ಲಿ ನೆಲೆ ಇಲ್ಲ. ಅಂಗಡಿ ಬಾಗಿಲು ಎಳೆದು ಮನೆಗೆ ಹೋದ, ಮನೆಯಿಂದ ಅಂಗಡಿಗೆ ಬಂದ. ಗೂಡಿನ ಮಾರುಕಟ್ಟೆಯ ತನಕ ನಡೆದು, ಯಾಕೆ ಬಂದೆನೆಂದು ತಿಳಿಯದೆ ವಾಪಸಾದ. ರಿಂಗುಗಳನ್ನು ಅದಲು ಬದಲು ಮಾಡುವುದು ಏನು ಮಹಾ ಕೆಲಸ, ಕೂತಲ್ಲೇ ಆಗುತ್ತದೆ. ಆದರೆ ನಡೆಯುತ್ತ ನಡೆಯುತ್ತ ಇನ್ನೊಂದು ಹುಳು ತಲೆ ಹೊಕ್ಕಿತು. ರಿಂಗು ಬದಲಾಯಿಸಿದ ದಿನ ಎರಡೂ ವಾಚುಗಳನ್ನು ಒಟ್ಟಿಗೇ ಬಿಚ್ಚಿದ್ದ. ತನ್ನದಕ್ಕೂ ಒಂದು ತೊಟ್ಟು ಎಣ್ಣೆ ಬಿಡೋಣವೆಂದು ಎರಡು ಯಂತ್ರಗಳನ್ನೂ, ಎರಡು ಮುಖಗಳನ್ನೂ ಒಂದೇ ತಟ್ಟೆಯ ಮೇಲೆ ಇಟ್ಟುಕೊಂಡಿದ್ದ. ಅಷ್ಟರಲ್ಲಿ ಯಾರೋ ಗೋಡೆ ಗಡಿಯಾರ ತಂದು ಮಾತಿಗೆಳೆದಿದ್ದರು. ಮುಚ್ಚುವಾಗ ಅದರದು ಇದಕ್ಕೆ, ಇದರದು ಅದಕ್ಕೆ ಹೋಗಿದ್ದರೆ? ಮಂಗಮ್ಮನ ಹೆಬ್ಬೆರಳು ಹೇಳಿದ್ದೇ ನಿಜವಾಗಿದ್ದರೆ?

ಮನೆಯಲ್ಲಿ ಮುನಿಲಕ್ಷ್ಮಿ ಹಬ್ಬಕ್ಕೆ ಅಟ್ಟದ ಪಾತ್ರೆ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಅವನು ನಡೆದದ್ದನ್ನು ಹೇಳಿ, ನೀನೇ ಹೇಳು, ಒಳ್ಳೆಯದು ಮಾಡಲು ಹೋಗಿ ಹೀಗಾಯಿತಲ್ಲ ಎಂದ. ಅವಳು ಚೊಂಬು ತಿಕ್ಕುವುದನ್ನು ನಿಲ್ಲಿಸದೆ ಕೇಳಿದಳು.

"ಒಳ್ಳೇ ರಿಂಗ್ ಕೊಟ್ರಿ, ಸರಿ. ಕೆಟ್ಟೋಗಿದ್ದನ್ನ ಡಬ್ಬಿಗೆ ಹಾಕ್ಬೋದಿತ್ತು. ನೀವ್ಯಾಕೆ ಕಟ್ಕೊಂಡ್ರಿ?"

ಅವನು ಚಾಪೆ ಹಾಸಿ ಕೂತ. ಅವನ ಟ್ರಂಕಿನಲ್ಲಿದ್ದವೆಲ್ಲ ಧುಮುಕುವ ವಾಚುಗಳೇ. ಅವುಗಳಲ್ಲಿ ಯಾವುದು ನಿಜಕ್ಕೂ ಧುಮುಕಿತ್ತೋ ಅವನಿಗೇನು ಗೊತ್ತು. ಇದೊಂದು ಮುಳುಗಿ ಎದ್ದ ವಾಚು. ಕತ್ತಲ ನೀರಿನಲ್ಲಿ ಕೈ ಆಡಿಸಿ, ಉಸಿರು ಕಟ್ಟಿ, ಮೇಲಕ್ಕೆ ಬಂದ ವಾಚು. ಅದರ ಏನಾದರೂ ಒಂದು ತನ್ನ ಕೈಯ ಮೇಲೆ ಇರಲಿ ಎಂದು ಆಸೆಯಾಗಿತ್ತು. ಹಾಗಾದರೆ ತಾನು ಮಾಡಿದ್ದು ಕೊಟ್ಟ ಲೆಕ್ಕವೋ, ತೆಗೆದುಕೊಂಡ ಲೆಕ್ಕವೋ. ಈ ಪ್ರಶ್ನೆ ಅವನನ್ನು ಚಾಪೆಯ ಮೇಲೆ ಕೂರಗೊಡಲಿಲ್ಲ.

ಮತ್ತೆ ಅಂಗಡಿಗೆ ಹೋಗಿ ಎರಡೂ ವಾಚುಗಳನ್ನು ಬಿಚ್ಚಿದ. ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು ಯಂತ್ರ ನೋಡಿದ, ಎರಡೂ ಒಂದೇ. ಮುಖ ನೋಡಿದ. ಆವಲಪ್ಪನದರ ರೇಡಿಯಂ ಹೆಚ್ಚು ಕಂದಿರಬೇಕು ಎಂದುಕೊಂಡರೆ ಎರಡೂ ಹಳೆ ತುಪ್ಪವೇ. ಬೀರುವಿನ ಕತ್ತಲು, ಬಾವಿಯ ಕತ್ತಲು ಎರಡೂ ಒಂದೇ ಬಣ್ಣ ಕೊಟ್ಟಿದ್ದವು. ಮೈಯನ್ನಂತೂ ತಾನೇ ಉಜ್ಜಿ ಗುರುತು ಅಳಿಸಿದ್ದ. ಬೆವರು ಒರೆಸಿಕೊಂಡ. ಕೊನೆಗೆ ಮುಖವನ್ನು ಯಂತ್ರಕ್ಕೆ ಹಿಡಿಸುವ ಸಣ್ಣ ಕಾಲುಗಳ ಬುಡ ನೋಡಿದ. ತಾನು ಉಜ್ಜಿದ್ದ ಆವಲಪ್ಪನ ವಾಚಿನ ಮೈಯೊಳಗಿಂದ ತೆಗೆದ ಮುಖದ ಒಂದು ಕಾಲಿನ ಬುಡದಲ್ಲಿ ಸಾಸಿವೆಯ ಕಾಲುಭಾಗದಷ್ಟು ಬಿಳಿ ಕಿಟ್ಟ ಅಂಟಿಕೊಂಡಿತ್ತು. ವಾಷರ್ ಸತ್ತ ಮೇಲೆ ಎಂದೋ ಒಂದು ದಿನ ಒಳಗೆ ನುಗ್ಗಿದ ಬಾವಿಯ ನೀರು ಅಲ್ಲಿ ಒಣಗಿ ಕೂತಿತ್ತು. ಯಂತ್ರದ ಮೇಲೆ ಆ ಕಾಲು ಕೂರುವ ತೂತಿನ ಅಂಚಿನಲ್ಲೂ ಅದೇ ಬಿಳಿ. ಸ್ವಿಸ್ ದೇಶದ ಯಂತ್ರದಲ್ಲಿ ಜಂಗಮಕೋಟೆಯ ಸವುಳು. ಬೆರೆತಿರಲಿಲ್ಲ. ಎಲ್ಲಾ ಅದರದ್ದು ಅದಕ್ಕೇ ಇತ್ತು. ಅವನು ಆ ಕಿಟ್ಟವನ್ನು ಮುಟ್ಟದೆ ಹಾಗೇ ಮುಚ್ಚಿದ. ರಿಂಗುಗಳನ್ನು ಬದಲಾಯಿಸಿ, ಸವೆದದ್ದನ್ನು ಆವಲಪ್ಪನದಕ್ಕೆ ಹಾಕಿ, ಒಂದು ಸುತ್ತು ತಿರುಗಿಸಿ, ಜಾರುವ ಜಾಗಕ್ಕೆ ಬಂದಾಗ ಬೆರಳು ತೆಗೆದುಬಿಟ್ಟ.

ಅಮಾವಾಸ್ಯೆಯ ದಿನ ಅವರ ಮನೆಯಲ್ಲೂ ಎಡೆ. ಮುನಿಲಕ್ಷ್ಮಿ ವಡೆಗೆ ಉದ್ದು ರುಬ್ಬುತ್ತಿದ್ದಳು. ಇವನು ಬಾಗಿಲಿಗೂ ಒಲೆಗೂ ತಿರುಗುವುದನ್ನು ನೋಡಿ, ನಮ್ಮ ಹಿರೀಕರು ಮಧ್ಯಾಹ್ನದ ತನಕ ಕಾಯುತ್ತಾರೆ, ಮೊದಲು ಆ ಹೆಣ್ಣುಮಗಳ ವಾಚು ಕೊಟ್ಟು ಬನ್ನಿ ಎಂದು ಓಡಿಸಿದಳು.

ಜಂಗಮಕೋಟೆಯಲ್ಲಿ ಬಸ್ಸಿಳಿದು ಹಿಪ್ಪುನೇರಳೆ ತೋಟದ ಬದಿಯಲ್ಲಿ ನಡೆದು ಹೋದಾಗ ಮನೆಯ ಹಿಂದೆ ಬಾವಿ ಕಂಡಿತು. ಅವನ ಕಾಲು ತಾನಾಗಿ ಅತ್ತ ಹೋಯಿತು. ಕಟ್ಟೆಗೆ ಕೈ ಊರಿ ಬಗ್ಗಿ ನೋಡಿದ. ನೀರಿಲ್ಲ; ತಳದಲ್ಲಿ ಹಿಪ್ಪುನೇರಳೆ ಕಡ್ಡಿಯ ರಾಶಿ. ಗೋಡೆಯಿಂದ ಚಾಚಿದ ಚಪ್ಪಡಿಕಲ್ಲಿನ ಮೆಟ್ಟಿಲುಗಳು ಕೆಳಕ್ಕೆ ಇಳಿಯುತ್ತ ಕತ್ತಲಲ್ಲಿ ಮುಳುಗಿದ್ದವು. ಆ ಗೀರುಗಳೆಲ್ಲ ಈ ಕಲ್ಲುಗಳವು ಎಂದು ಹೊಳೆದಾಗ ಕಟ್ಟೆಯಿಂದ ಕೈ ತೆಗೆದ.

ಮಂಗಮ್ಮ ಅಡುಗೆಯಿಂದ ಎದ್ದು ಬಂದಳು. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ವಾಚು ತೆಗೆದುಕೊಂಡಳು. ಕಣ್ಣು ಮುಚ್ಚಿ ತಿರುಗಿಸಿದಳು. ಜಾರಿತು. ಮತ್ತೆ ಅಲ್ಲಿಗೇ ತಂದು, ಮತ್ತೆ ಜಾರಿಸಿದಳು. ಬೀರೇಶ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದ.

"ಬಾವಿಗೆ ಇಳಿಯೋ ಮುಂದೆ ಕೈಯಿಗೆಲ್ಲ ಎಣ್ಣೆ ಬಳ್ಕೋತಿದ್ರು" ಎಂದಳು ಮಂಗಮ್ಮ, ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯದ ಹಾಗೆ. "ಅವರ ಬೆರಳಿಗೆ ಇದು ತಿರುಗ್ತಿರಲಿಲ್ಲ. ಕೈ ಚಾಚೋರು, ನಾನೇ ತಿರುಗಿಸಿ ಇಡ್ತಿದ್ದೆ. ಜಾರೋ ತಾವ ಬಂದ್ರೆ, ಸರಿ ಬಿಡು ಅನ್ನೋರು. ಹೊಸ ಪಂಚೆ ಇಟ್ರೆ ಉಟ್ಕೊಂಡು ಹೋಗ್ತಾರೆ ಕಣಪ್ಪ, ವಾಚು ಹಂಗಲ್ಲ. ಎಡೆ ಇಟ್ಟು ಬಾಗಿಲು ಹಾಕಿದ್ರೆ ಒಳಗೆ ಬಾವಿಯಂಗೆ ಕತ್ತಲು. ಮುಟ್ಟಿ ನೋಡ್ದೆ ಅವರಿಗೆ ಹೆಂಗ್ ಗೊತ್ತಾಗ್ತದೆ?"

ಅವನು ತಪ್ಪಾಯಿತಕ್ಕ ಎಂದ. ಎಡೆಗೆಂದು ಚಂದ ಮಾಡಲು ಹೋದೆ ಎಂದ. ಆ ರಿಂಗಿನ ಮೇಲೆ ಆಸೆಯಾಯಿತು ಎಂಬುದನ್ನೂ ಹೇಳಿಬಿಟ್ಟ. ಹೇಳದಿದ್ದರೂ ನಡೆಯುತ್ತಿತ್ತು. ಮಂಗಮ್ಮ ಅವನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಆಮೇಲೆ ವಾಚಿನ ಹೊಳೆಯುವ ಮೈಯನ್ನು ಮಗನ ಕಡೆ ತಿರುಗಿಸಿ ಹಿಡಿದಳು.

"ಮದುವೆ ಗಂಡಿನಂಗೆ ತೊಳ್ದಿಟ್ಟವ್ನೆ. ನಾಳೆಯಿಂದ ನೀನು ಕಟ್ಕೊಂಡು ಬೋರಿನ ಮೋಟ್ರು ಎತ್ತಕ್ಕೆ ಹೋಗೋ ಬೀರೇಶ. ಬರೋ ಅಮಾವಾಸ್ಯೆ ಹೊತ್ತಿಗೆ ಗೀರು ಬಿದ್ದು ಸರಿಯಾಗ್ತದೆ."

ಬೀರೇಶನ ಮುಖದ ಗಂಟು ಸಡಿಲಾಯಿತು. ಒಳಗೆ ಎಲೆ ಹಾಕಿದ್ದರು. ಹೊಸ ಪಂಚೆ, ಬೀಡಿಯ ಕಟ್ಟು, ಬಾವಿಗೆ ಇಳಿಯುವಾಗ ಸೊಂಟಕ್ಕೆ ಕಟ್ಟುತ್ತಿದ್ದ ಹಗ್ಗದ ಸುರುಳಿ. ವಾಚಿಗೆ ನೀನೇ ಕೀ ಕೊಡು ರವಣಪ್ಪ ಎಂದಳು ಮಂಗಮ್ಮ. ಅವನು ಕೀ ಕೊಟ್ಟು, ಬಿಗಿದು, ಎಲೆಯ ಮುಂದಿಟ್ಟ. ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿ ಜಗಲಿಯ ಮೇಲೆ ಕೂತರು. ಬಾಗಿಲ ಹಿಂದೆ ವಾಚು ಓಡುತ್ತಿದ್ದದ್ದು ಹೊರಗೆ ಕೇಳಿಸುವಂಥದಲ್ಲ, ಆದರೂ ಮೂವರೂ ಕಿವಿಗೊಟ್ಟೇ ಕೂತಿದ್ದರು.

ಪ್ರಸಾದದ ವಡೆ ಕಟ್ಟಿಸಿಕೊಂಡು ವೆಂಕಟರವಣಪ್ಪ ಶಿಡ್ಲಘಟ್ಟದ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೆಸರು ಉಳಿಯಿತು, ಮನೆಯಲ್ಲಿ ಎಡೆಯೂ ಕಾಯುತ್ತಿದೆ, ಇನ್ನು ನೆಮ್ಮದಿಯಾಗಿ ಕೂರಬಹುದಿತ್ತು. ಕೈಯಲ್ಲಿ ಗೌರಿಬಿದನೂರಿನ ವಾಚು ತನ್ನ ಸ್ವಂತ ರಿಂಗಿನೊಂದಿಗೆ ಮಿಂಚುತ್ತಿತ್ತು. ಹೆಬ್ಬೆರಳು ಅದನ್ನು ತಿರುಗಿಸಲು ತೊಡಗಿತು. ಕಟಕಟ ಕಟಕಟ, ಒಂದು ಹಲ್ಲೂ ತಪ್ಪದೆ ಸುತ್ತು ಮುಗಿಯಿತು. ಮತ್ತೆ ತಿರುಗಿಸಿದ. ಪಕ್ಕದಲ್ಲಿ ಕೂತಿದ್ದವರು ಕೈ ನೋಯುತ್ತಿದೆಯೇ ಎಂದು ಕೇಳಿದರು. ಇಲ್ಲ ಎಂದು ಕೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡ. ಮೇಲೂರು ದಾಟುವಷ್ಟರಲ್ಲಿ ಹೆಬ್ಬೆರಳು ಮತ್ತೆ ರಿಂಗಿನ ಮೇಲಿತ್ತು, ಇಲ್ಲದ ಆ ಜಾರುವ ಜಾಗವನ್ನು ಹುಡುಕುತ್ತ.